ಫಂಗಸ್ ಗುಳಿಗೆ ಕೊಡೋ ಮುಂಚೆ ಏನೇನು ಕೇಳ್ತೀರಿ?

ಗಂಗಾವತಿಯಲ್ಲಿ ಸ್ಟಾಫ್ ನರ್ಸ್ ಆಗಿ ಹೊಸದಾಗಿ ಸೇರಿದ್ದೇನೆ. ಭತ್ತದ ಗದ್ದೆ ಕೆಲಸದವರಲ್ಲಿ ಗಜಕರ್ಣ ಬಹಳ. ಫ್ಲುಕೊನಜೋಲ್, ಇಟ್ರಾಕೊನಜೋಲ್ ಕೊಡೋ ಮುಂಚೆ ನೀವು ಏನು ನೋಡ್ತೀರಿ? ಅನುಭವ ಇದ್ದವರು ಹೇಳಿ.

ರಾಯಚೂರಿನಿಂದ:
ಸಿಸ್ಟರ್, ಮೊದಲು ಅವರ ಚೀಲ ನೋಡಿ. "ಬೇರೆ ಗುಳಿಗೆ ತಗೋತೀರಾ" ಅಂದರೆ ಇಲ್ಲ ಅಂತಲೇ ಅಂತಾರೆ, ಯಾಕಂದರೆ ದಿನಾ ನುಂಗೋ ಶುಗರ್ ಗುಳಿಗೆ ಅವರ ಲೆಕ್ಕದಲ್ಲಿ ಗುಳಿಗೆಯೇ ಅಲ್ಲ. ನಮ್ಮ ವಾರ್ಡಲ್ಲಿ ಒಬ್ಬ ಅಜ್ಜಿ ಹೀಗೇ ತಲೆ ಅಲ್ಲಾಡಿಸಿದರು. ಆಮೇಲೆ ಎಲೆ ಅಡಿಕೆ ಸಂಚಿ ಬಿಚ್ಚಿದರೆ ಸುಣ್ಣದ ಡಬ್ಬಿ ಪಕ್ಕದಲ್ಲಿ ಅರ್ಧ ಹರಿದ ಗ್ಲಿಮೆಪಿರೈಡ್ ಪಟ್ಟಿ! ಅದರ ಜೊತೆ ಫ್ಲುಕೊನಜೋಲ್ ಸೇರಿದರೆ ಶುಗರ್ ತೀರಾ ಇಳಿಯಬಹುದು. ಗುಳಿಗೆ ಕೈಯಲ್ಲೇ ಹಿಡಿದುಕೊಂಡು ಡಾಕ್ಟರಿಗೆ ಫೋನ್ ಮಾಡಿದೆ. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರಿಗೂ ಡಾಕ್ಟರನ್ನು ಕೇಳದೆ ಕೊಡಬೇಡಿ, ರಕ್ತಸ್ರಾವದ ಭಯ ಇರುತ್ತೆ. ಫಿಟ್ಸ್ ಗುಳಿಗೆ ಫೆನಿಟಾಯಿನ್ ಇದ್ದರೂ ಡಾಕ್ಟರಿಗೆ ಹೇಳಿ.

ಬಳ್ಳಾರಿಯಿಂದ:
ಇಟ್ರಾಕೊನಜೋಲ್ ಅಂದರೆ ನಾನು ಮೊದಲು ಕಾಲು ನೋಡ್ತೇನೆ. ಬೆರಳಿಂದ ಒತ್ತಿದರೆ ಕುಳಿ ಬೀಳುತ್ತಾ, ಮಲಗಿದರೆ ಉಸಿರು ಕಟ್ಟುತ್ತಾ, ಹಿಂದೆ ಹಾರ್ಟ್ ಫೇಲ್ಯೂರ್ ಅಂತ ಯಾರಾದರೂ ಹೇಳಿದ್ದರಾ. ಹೌದು ಅಂದರೆ ಡಾಕ್ಟರನ್ನು ಕೇಳದೆ ಕೊಡೋದೇ ಇಲ್ಲ. ಕೊಲೆಸ್ಟ್ರಾಲ್ ಗುಳಿಗೆ ಸಿಮ್ವಾಸ್ಟಾಟಿನ್ ಜೊತೆಗೂ ಇದು ಆಗಲ್ಲ. ಕ್ಯಾಪ್ಸೂಲ್ ಊಟ ಆದ ತಕ್ಷಣ ತಗೋಬೇಕು. ಇಲ್ಲಿ ಬೆಳಿಗ್ಗೆ ಎದ್ದರೆ ಗ್ಯಾಸಿನ ಗುಳಿಗೆ ನುಂಗೋರೇ ಜಾಸ್ತಿ ಅಲ್ವಾ, ಹೊಟ್ಟೆಯಲ್ಲಿ ಆಸಿಡ್ ಕಡಿಮೆಯಾದರೆ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತಲ್ಲ. ಕಾಮಾಲೆ ಆಗಿತ್ತಾ, ಕುಡಿತಾರಾ ಅಂತಲೂ ಕೇಳಿ. ಬಸಿರಾ ಅಂತ ತಿಳಿಯೋಕೆ ಮುಟ್ಟು ಯಾವಾಗ ಆಯ್ತು ಅನ್ನೋದನ್ನ ಮಾತ್ರ ಅತ್ತೆ ಮುಂದೆ ಕೇಳಬೇಡಿ, ಉತ್ತರ ಸಿಗಲ್ಲ.

ಕೊಪ್ಪಳದಿಂದ:
ಗುಳಿಗೆ ಬಗ್ಗೆ ಎಲ್ಲ ಹೇಳಿದ್ದಾರೆ, ನಾನು ಫಂಗಸ್‌ಗೇ ಡ್ರಿಪ್‌ನಲ್ಲಿ ಹಾಕೋ ಆಂಫೊಟೆರಿಸಿನ್ ಬಗ್ಗೆ ಹೇಳ್ತೇನೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಬಹಳ ಹಾಕಿದ್ದೇವೆ. ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಪೊಟ್ಯಾಶಿಯಂ ರಿಪೋರ್ಟ್ ನೋಡದೆ ಮುಟ್ಟಬೇಡಿ. ವಯಲ್ ಮೇಲಿನ ಹೆಸರು ಪೂರ್ತಿ ಓದಿ. ಸಾದಾದ್ದು ದಿನಕ್ಕೆ ಕೆಜಿಗೆ 1.5 ಮಿಲಿಗ್ರಾಂ ದಾಟಬಾರದು, ಕೊಬ್ಬಿನ ಕಣದಲ್ಲಿ ಸೇರಿಸಿದ ಲೈಪೊಸೋಮಲ್ ಆದರೆ 3ರಿಂದ 5, ಕೆಲವೊಮ್ಮೆ ಇನ್ನೂ ಜಾಸ್ತಿ. ಲೈಪೊಸೋಮಲ್ ಲೆಕ್ಕದಲ್ಲಿ ಸಾದಾದ್ದು ಹಾಕಿದರೆ ಜೀವಕ್ಕೇ ಕುತ್ತು. ಇನ್ನೊಂದು, ಇದನ್ನ 5 ಪರ್ಸೆಂಟ್ ಡೆಕ್ಸ್ಟ್ರೋಸಲ್ಲೇ (ಸಕ್ಕರೆ ನೀರು, ಡಿ5) ಬೆರೆಸಬೇಕು, ನಾರ್ಮಲ್ ಸಲೈನಲ್ಲಿ (ಉಪ್ಪಿನ ನೀರು) ಗಸಿ ಕಟ್ಟುತ್ತೆ. ನಮ್ಮ ಕಡೆ ಯಾವ ಬಾಟಲಿಗೂ ಸಲೈನ್ ಅಂತಲೇ ಅನ್ನೋದು ನಿಮಗೂ ಗೊತ್ತು. ಒಂದು ರಾತ್ರಿ ನಾನೇ ಅವಸರದಲ್ಲಿ "ಸಲೈನ್ ತಾರಪ್ಪ" ಅಂದೆ, ವಾರ್ಡ್ ಹುಡುಗ ಪಾಪ ಹೇಳಿದ್ದನ್ನೇ ತಂದ. ಸೂಜಿ ಚುಚ್ಚೋ ಮುಂಚೆ ಲೇಬಲ್ ಕಣ್ಣಿಗೆ ಬಿತ್ತು. ಈಗ ಡಿ5 ಅಂತಲೇ ಕೇಳ್ತೇನೆ.