ಅಪ್‌ಡೇಟ್: ಎಂಡೋಮೆಂಟ್ ವಾಪಸ್, ಟರ್ಮ್ ತಗೊಂಡೆ

ಡೊಂಬಿವಲಿ ಮನೆಯ ಸಾಲ ತಲೆ ಮೇಲಿದೆ, ಸೋದರಮಾವ ಮಾಡಿಸಿದ ಎಂಡೋಮೆಂಟ್ ಪಾಲಿಸಿ (ಉಳಿತಾಯವೂ ಸೇರಿದ ಜೀವವಿಮೆ) ಸಾಕಾ ಅಂತ ಹೋದ ತಿಂಗಳು ಕೇಳಿದ್ದೆನಲ್ಲ? ವಾಪಸ್ ಮಾಡಿದೆ. ಪಾಲಿಸಿ ಕೈಗೆ ಬಂದು 30 ದಿನ ಆಗಿರಲಿಲ್ಲ. ಹಾಗಾಗಿ ಬೇಡವಾದ ಪಾಲಿಸಿ ಹಿಂತಿರುಗಿಸಲು ಸಿಗುವ ಅವಧಿ, ಅಂದರೆ ಫ್ರೀ ಲುಕ್‌ನಲ್ಲಿ ಸ್ಟಾಂಪ್ ಡ್ಯೂಟಿ, ಮೆಡಿಕಲ್ ಖರ್ಚು, ಅಷ್ಟು ದಿನದ ವಿಮಾ ರಕ್ಷಣೆಯ ಖರ್ಚು (ರಿಸ್ಕ್ ಪ್ರೀಮಿಯಂ) ಕಳೆದು ಉಳಿದ ದುಡ್ಡು ಬಂತು. ಮಾವ ಇನ್ನೂ ಮುಖ ಊದಿಸಿಕೊಂಡಿದ್ದಾರೆ.

ಈಗ 1 ಕೋಟಿಯ ಟರ್ಮ್ ಪಾಲಿಸಿ ಇದೆ, ಅಂದರೆ ಅವಧಿಯೊಳಗೆ ನಾನು ಸತ್ತರೆ ಮಾತ್ರ ಮನೆಯವರಿಗೆ ದುಡ್ಡು ಬರುವ ಜೀವವಿಮೆ. 2025ರ ಸೆಪ್ಟೆಂಬರ್ 22ರಿಂದ ಇದಕ್ಕೆ ಜಿಎಸ್‌ಟಿ ಇಲ್ಲ, ಅಷ್ಟು ಉಳಿಯಿತು.

ಫಾರ್ಮ್‌ನಲ್ಲಿ ತಂಬಾಕಿನ ಪ್ರಶ್ನೆ ಬಂದಾಗ ಮಾತ್ರ ಕೈ ತಡೆಯಿತು. ಲೋಕಲ್ ಟ್ರೈನಿನಲ್ಲಿ ನಿಂತು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ಉಜ್ಜುವ ಚಟ ನನಗೆ. ‘ದಿನಕ್ಕೆ ಎರಡು ಸಲ’ ಅಂತ ಬರೆದೇಬಿಟ್ಟೆ. ಪ್ರೀಮಿಯಂ ಜಾಸ್ತಿಯಾಯಿತು. ಸುಮ್ನೆ ಮುಚ್ಚಿಟ್ಟರೆ ನಾಳೆ ಕ್ಲೇಮ್‌ಗೆ ಅಲೆಯುವವಳು ನನ್ನ ಹೆಂಡತಿ ಅಲ್ವಾ?

ಆಫೀಸಿನದಲ್ಲದ ಹೆಲ್ತ್ ಪಾಲಿಸಿ ಇನ್ನೂ ಹುಡುಕುತ್ತಿದ್ದೇನೆ.