ಒಂದೆರಡು ಮಳೆಗಾಲ ಕಂಡ ಎಲೆಕ್ಟ್ರಿಕ್ ಸ್ಕೂಟರ್ ಇದ್ದವರು ಹೇಳಿ

ಕೊಟ್ಟಾರದಿಂದ ಪ್ರಶ್ನೆ

ನಮಸ್ಕಾರ. ಹಳೇ ಪೆಟ್ರೋಲ್ ಸ್ಕೂಟರ್ ಕೊಟ್ಟು ಎಲೆಕ್ಟ್ರಿಕ್ ತೆಗೆದುಕೊಳ್ಳುವ ಯೋಚನೆ ಉಂಟು. ಮನೆ ಮಂಗಳೂರಿನ ಕೊಟ್ಟಾರದಲ್ಲಿ, ಫ್ಲ್ಯಾಟ್. ಕೆಲಸ ಸುರತ್ಕಲ್‌ನಲ್ಲಿ. ಆಗಾಗ ಅಮ್ಮನನ್ನು ನೋಡಲು ಉಡುಪಿ ಆಚೆಯ ಹಿರಿಯಡ್ಕಕ್ಕೆ ಹೋಗಬೇಕು. ಶೋರೂಮಿನವರು ಹೇಳುವುದೆಲ್ಲ ಚೆಂದವೇ. ನನಗೆ ಬೇಕಾದದ್ದು ನಮ್ಮ ಮಳೆಯಲ್ಲಿ ಓಡಿಸಿದವರ ಮಾತು. ಚಾರ್ಜಿಂಗ್‌ಗೆ ಏನು ವ್ಯವಸ್ಥೆ ಬೇಕು, ನೀರಿನಲ್ಲಿ ಏನಾಗುತ್ತದೆ, ನೋಡಿಕೊಳ್ಳುವುದು ಹೇಗೆ? ಬೈಯುವುದಿದ್ದರೂ ಬೈಯಿರಿ, ತೆಗೆದುಕೊಳ್ಳುವ ಮೊದಲೇ ಬೈಯಿರಿ.

ಬಿಜೈಯಿಂದ

ಮೇಡಂ, ಎಲ್ಲರೂ ಮೊದಲು ಕೇಳುವುದು "ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ" ಅಂತ. ಅದಕ್ಕೆ ವಾರಂಟಿ ಉಂಟು. ಸಾಮಾನ್ಯವಾಗಿ 3 ವರ್ಷ, ಜಾಸ್ತಿ ದುಡ್ಡು ಕೊಟ್ಟರೆ ಕೆಲವು ಕಂಪನಿಗಳಲ್ಲಿ 8 ವರ್ಷ ಅಥವಾ 80,000 ಕಿಮೀವರೆಗೆ. ನಮ್ಮೂರಲ್ಲಿ ನಿಜವಾಗಿ ತಲೆಬಿಸಿ ಮಾಡುವುದು ಗೋಡೆಯ ಪ್ಲಗ್ ಮತ್ತು ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ). ಅದಕ್ಕೆ ಯಾರೂ ವಾರಂಟಿ ಕೊಡುವುದಿಲ್ಲ.

ನಮ್ಮ ಬಿಲ್ಡಿಂಗ್‌ನಲ್ಲಿ ಡಿಸೆಂಬರ್‌ವರೆಗೆ ಒಂದು ತೊಂದರೆಯೂ ಇರಲಿಲ್ಲ. ಮಾರ್ಚ್ ಬಂದ ಮೇಲೆ ಚಾರ್ಜರ್‌ನಲ್ಲಿ ಕೆಂಪು ದೀಪ. ಒಂದು ದಿನ ಚಾರ್ಜ್ ಆಗುತ್ತದೆ, ಮರುದಿನ ಇಲ್ಲ. ಸರ್ವಿಸಿನವರು ಚಾರ್ಜರ್ ಸರಿ ಇದೆ ಅಂದರು. ಕೊನೆಗೆ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಿದರು. ಫೇಸ್‌ಗೂ ನ್ಯೂಟ್ರಲ್‌ಗೂ 230 ವೋಲ್ಟ್ ಸರಿಯಾಗಿ ಇತ್ತು. ಫೇಸ್‌ಗೂ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು, ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದೆರಡು ವೋಲ್ಟ್ ಮಾತ್ರ. ನಮ್ಮಲ್ಲಿ ಅದು ಎಲ್ಲೆಲ್ಲೋ ಹೋಗುತ್ತಿತ್ತು. ಕಾರಣ ಸುಲಭ. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ) ನೆಲ. ಮಳೆ ನಿಂತು ಮೂರ್ನಾಲ್ಕು ತಿಂಗಳಾದರೆ ಅರ್ಥಿಂಗ್ ಗುಂಡಿ ಒಣಗಿ ಹೋಗುತ್ತದೆ, ಅರ್ಥ್ ಹಿಡಿಯುವುದಿಲ್ಲ. ಚಾರ್ಜರ್ ಒಳ್ಳೆಯದಿದ್ದರೆ ಅದನ್ನು ಗುರುತಿಸಿ ನಿಂತುಬಿಡುತ್ತದೆ. ಹೊಸ ಗುಂಡಿ ತೆಗೆದು, ತೇವ ಹಿಡಿದಿಡುವ ಪುಡಿ ತುಂಬುವ ಕೆಮಿಕಲ್ ಅರ್ಥಿಂಗ್ ಮಾಡಿಸಿದ ಮೇಲೆ ಸರಿಯಾಯಿತು. ಅರ್ಥ್ ಇಲ್ಲದಿದ್ದರೂ ಚಾರ್ಜ್ ಆಗುವ ಹಾಗೆ ಪಿನ್‌ನಲ್ಲಿ ಏನೋ ಮಾಡಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ದಯವಿಟ್ಟು ಮಾಡಿಸಬೇಡಿ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತು ಗಾಡಿ ಮುಟ್ಟುವವರು ನೀವೇ.

ಫ್ಲ್ಯಾಟ್ ಆದ್ದರಿಂದ ಗಾಡಿ ಬುಕ್ ಮಾಡುವ ಮೊದಲು ಅಸೋಸಿಯೇಶನ್‌ಗೆ ಬರೆದು ಕೊಡಿ. ನಿಮ್ಮ ಮೀಟರ್‌ನಿಂದಲೇ ಪಾರ್ಕಿಂಗ್‌ಗೆ ಬೇರೆ ವೈರ್ ಎಳೆಸಿ, ಅದಕ್ಕೇ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಮತ್ತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಹಾಕಿಸಿ, 16 ಆಂಪಿಯರ್ ಸಾಕೆಟ್ ಇಡಿಸಿ. ಚಾರ್ಜರ್ 750 ವ್ಯಾಟ್‌ನದ್ದಾದರೆ ಎಳೆಯುವುದು ಮೂರೂವರೆ ಆಂಪಿಯರ್ ಕೂಡ ಇಲ್ಲ, ಹಾಗಾದರೆ ಸಣ್ಣ ಪ್ಲಗ್ ಸಾಕಲ್ವಾ ಅಂತ ಕೇಳಬಹುದು. ಲೆಕ್ಕಕ್ಕೆ ಸಾಕು. ಆದರೆ ದಿನಾ ನಾಲ್ಕೈದು ಗಂಟೆ ಒಂದೇ ಸಮ ಕರೆಂಟ್ ಹರಿದರೆ ಸಣ್ಣ ಸಾಕೆಟ್‌ನ ಒಳಗಿನ ಹಿಡಿತ ಸಡಿಲ ಆಗುತ್ತದೆ, ಬಿಸಿ ಆಗುತ್ತದೆ, ಆಮೇಲೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌ಟೆನ್ಶನ್ ಬಾಕ್ಸ್ ಅಂತೂ ಬೇಡವೇ ಬೇಡ. ಸಾಕೆಟ್‌ಗೆ ಬೀಗ ಹಾಕುವ ಪೆಟ್ಟಿಗೆ ಇರಲಿ. ಪಕ್ಕದ ಮನೆಯವರು ಒಳ್ಳೆಯವರೇ, ಆದರೂ ಇರಲಿ.

ಬಿಲ್ ವಿಷಯ. ಸುರತ್ಕಲ್ ಹೋಗಿ ಬರಲು ದಿನಾ 25 ಕಿಮೀ ಆಸುಪಾಸು. 100 ಕಿಮೀಗೆ ಹೆಚ್ಚೆಂದರೆ 4 ಯೂನಿಟ್ ಹಿಡಿಯಿರಿ, ತಿಂಗಳಿಗೆ 25 ಯೂನಿಟ್ ಚಿಲ್ಲರೆ. ಯೂನಿಟ್‌ಗೆ 6 ರೂಪಾಯಿ ಅಂದರೂ ಪೆಟ್ರೋಲ್ ಮುಂದೆ ಅದೇನೂ ಅಲ್ಲ. ಆದರೆ ಗೃಹಜ್ಯೋತಿ ಇದ್ದರೆ ಹಳೇ ಬಿಲ್ ತೆಗೆದು ನೋಡಿ. 200 ಯೂನಿಟ್ ಫ್ರೀ ಅಂತ ಬಾಯಲ್ಲಿ ಹೇಳಿದರೂ ಸಿಗುವುದು ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು. ಅದಕ್ಕಿಂತ ಮೇಲೆ ಉರಿಸಿದ್ದಕ್ಕೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್. ಈಗಲೇ 185ರಲ್ಲಿ ಇರುವ ಮನೆಗೆ ಸ್ಕೂಟರ್ ಬಂದರೆ ಮೆಸ್ಕಾಂ ಬಿಲ್ ನೋಡಿ ಮನೆಯವರು ಗಾಡಿಯನ್ನೇ ಬೈಯುತ್ತಾರೆ.

ನೀರು: ನಿಮ್ಮ ಮನೆಯ ಹತ್ತಿರದ ಕೊಟ್ಟಾರ ಚೌಕಿ ಜೋರು ಮಳೆಗೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಐಪಿ67 ಅಂತ ಬರೆದಿರುತ್ತದಲ್ಲ, ಅದರರ್ಥ 1 ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ಒಳಗೆ ನೀರು ಹೋಗಬಾರದು. ಆದರೆ ಅದು ಹೆಚ್ಚಾಗಿ ಬ್ಯಾಟರಿಗೆ, ಮೋಟರ್‌ಗೆ ಕೊಟ್ಟ ಲೆಕ್ಕ. ಇಡೀ ಗಾಡಿಗಲ್ಲ. ಅದೂ ಹೊಸ ರಬ್ಬರ್ ಸೀಲ್ ಇರುವಾಗ, ನಿಂತ ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆ. ಮಳೆಯಲ್ಲಿ ನೆನೆದರೆ ಹೆದರಬೇಡಿ, ಆರಾಮಾಗಿ ಓಡಿಸಿ. ಕಾಲಿಡುವ ಜಾಗದವರೆಗೆ ನೀರು ನಿಂತಿದ್ದರೆ ಮಾತ್ರ ಇಳಿಸಬೇಡಿ. ಅಕಸ್ಮಾತ್ ಮುಳುಗಿದರೆ ಆನ್ ಮಾಡುವುದೂ ಬೇಡ, ಚಾರ್ಜ್‌ಗೆ ಹಾಕುವುದೂ ಬೇಡ. ಬಯಲಲ್ಲಿ ನಿಲ್ಲಿಸಿ ಸರ್ವಿಸಿನವರನ್ನು ಕರೆಯಿರಿ. ಇನ್ನು ವಾಟರ್ ಸರ್ವಿಸ್ ಅಂಗಡಿಯ ಪ್ರೆಶರ್ ಪಂಪ್. ಅದಕ್ಕೂ ಐಪಿ67ಗೂ ಸಂಬಂಧವೇ ಇಲ್ಲ. ಮಳೆ ಮಾಡದ ಹಾನಿಯನ್ನು ಆ ಪೈಪ್ ಮಾಡುತ್ತದೆ.

ಮಲ್ಪೆಯಿಂದ

ಮೇಲಿನವರು ಸರಿಯಾಗಿ ಹೇಳಿದ್ದಾರೆ, ಆದರೆ ಉಪ್ಪು ಮರೆತಿದ್ದಾರೆ ಮಾರಾಯ್ರೆ.

ನಮ್ಮ ಮನೆಯಿಂದ ಸಮುದ್ರ ಕಾಣುತ್ತದೆ. ಗಾಳಿಯ ಉಪ್ಪು ಒಂದು ಕಡೆ, ಹೈವೇಯಲ್ಲಿ ಮೀನಿನ ಲಾರಿ ಸುರಿಸಿಕೊಂಡು ಹೋಗುವ ನೀರು ಇನ್ನೊಂದು ಕಡೆ. ಸುರತ್ಕಲ್ ದಾರಿಯಲ್ಲಿ ನಿಮಗೂ ಆ ಲಾರಿ ಸಿಕ್ಕೇ ಸಿಗುತ್ತದೆ. ಹಿಂದೆ ಹೋಗಬೇಡಿ. ಆ ನೀರು ಜಾರುತ್ತದೆ, ಮೈಗೆ ನಾರುತ್ತದೆ, ಗಾಡಿಯ ಅಡಿಗೆ ಮೆತ್ತಿಕೊಂಡು ತುಕ್ಕು ಹಿಡಿಸುತ್ತದೆ.

ಎಲೆಕ್ಟ್ರಿಕ್ ಗಾಡಿಯಲ್ಲಿ ನೋಡಬೇಕಾದ ಜಾಗ ಎರಡು. ಒಂದು ಚಾರ್ಜ್ ಮಾಡುವ ತೂತು. ಟಾರ್ಚ್ ಹಿಡಿದು ನೋಡಿ. ಪಿನ್ ಹೊಳೆಯುತ್ತಿರಬೇಕು. ಹಸಿರು ಪುಡಿ ಕೂತಿದ್ದರೆ ತಾಮ್ರಕ್ಕೆ ಕಿಲುಬು ಶುರುವಾಗಿದೆ ಅಂತ ಅರ್ಥ. ಅಲ್ಲಿ ಚಾರ್ಜರ್ ಪಿನ್ ಬಿಸಿಯಾಗುತ್ತದೆ. ನೀವೇ ಕೆರೆಯಬೇಡಿ, ಸರ್ವಿಸಿನಲ್ಲಿ ಕಾಂಟಾಕ್ಟ್ ಕ್ಲೀನರ್ ಹಾಕಿ ತೆಗೆಸಿ. ಚಾರ್ಜ್ ಆದ ಮೇಲೆ ಮುಚ್ಚಳ ಹಾಕುವುದು ಅಭ್ಯಾಸ ಆಗಲಿ. ಒದ್ದೆ ಕೈಯಲ್ಲಿ, ಒದ್ದೆ ಪಿನ್‌ಗೆ ಚುಚ್ಚುವುದು ಬೇಡ. ಒಣ ಬಟ್ಟೆ ಸೀಟಿನ ಅಡಿಯಲ್ಲೇ ಇರಲಿ.

ಇನ್ನೊಂದು ಬ್ರೇಕ್. ಇದು ಕೇಳಿದರೆ ವಿಚಿತ್ರ ಅನ್ನಿಸಬಹುದು. ಆಕ್ಸಿಲರೇಟರ್ ಬಿಟ್ಟಾಗ ಮೋಟರ್ ತಾನೇ ಗಾಡಿಯನ್ನು ನಿಧಾನ ಮಾಡಿ ಸ್ವಲ್ಪ ಚಾರ್ಜ್ ವಾಪಸ್ ಕೊಡುತ್ತದೆ, ರೀಜೆನ್ ಅನ್ನುತ್ತಾರೆ. ಹಾಗಾಗಿ ಬ್ರೇಕ್ ಪ್ಯಾಡ್ ಸವೆಯುವುದು ಕಡಿಮೆ. ಆದರೆ ಬಳಸದ ಬ್ರೇಕಿಗೆ ತುಕ್ಕು ಬೇಗ. ಡಿಸ್ಕ್ ಮೇಲಿನ ಕೆಂಪು ಪದರ ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಪಿನ್ ತುಕ್ಕಿಗೆ ಹಿಡಿದುಕೊಂಡರೆ ಹಾಗೆ ಹೋಗುವುದಿಲ್ಲ. ಪ್ಯಾಡ್ ದಪ್ಪ ಇದೆ ಅಂತ ಸರ್ವಿಸಿನವರು ಬಿಡಿಸದೇ ಕಳಿಸುತ್ತಾರೆ. ಬಿಡಿಸಿ, ತೊಳೆದು, ಗ್ರೀಸ್ ಹಾಕಿ ಕೊಡಿ ಅಂತ ಬಾಯಿಬಿಟ್ಟು ಹೇಳಬೇಕು. ನಾನು ಪತ್ತನಾಜೆಗೆ (ಮೇ ಕೊನೆಗೆ) ಮೊದಲು ಒಂದು ಸಲ, ನವರಾತ್ರಿ ಹೊತ್ತಿಗೆ ಇನ್ನೊಂದು ಸಲ ಮಾಡಿಸುತ್ತೇನೆ.

ತೊಳೆಯುವುದು ಬಕೆಟ್, ಮಗ್, ಬಾವಿ ನೀರು. ಅಷ್ಟೇ. ಪ್ಲಾಸ್ಟಿಕ್ ಕವರ್ ಮುಚ್ಚಿ ಇಡಬೇಡಿ, ಒಳಗೆ ಬೆವರಿ ಇನ್ನೂ ತುಕ್ಕು.

ಮಣಿಪಾಲದಿಂದ

ಮಲ್ಪೆಯ ಅಣ್ಣ ರೀಜೆನ್ ಅಂದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ಗುಡ್ಡದ ಮೇಲೆ ಇರುವವರಿಗೆ ಇದು ಗೊತ್ತಿರಲೇಬೇಕು. ಬ್ಯಾಟರಿ ಶೇಕಡಾ 100 ಇದ್ದಾಗ ವಾಪಸ್ ಬರುವ ಚಾರ್ಜ್‌ಗೆ ಒಳಗೆ ಜಾಗ ಇರುವುದಿಲ್ಲ. ಹಾಗಾಗಿ ರೀಜೆನ್ ಕೆಲಸ ಮಾಡುವುದಿಲ್ಲ, ಮಾಡಿದರೂ ತುಂಬಾ ಕಡಿಮೆ. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಟೈಗರ್ ಸರ್ಕಲ್‌ನಿಂದ ಉಡುಪಿ ಕಡೆ ಇಳಿದರೆ, ನಿನ್ನೆ ಸಂಜೆ ಹಿಡಿದು ನಿಲ್ಲಿಸುತ್ತಿದ್ದ ಗಾಡಿ ಇವತ್ತು ಸುಮ್ನೆ ಓಡುತ್ತದೆ. ಮಳೆಯಲ್ಲಿ ಇಂದ್ರಾಳಿ ಹತ್ತಿರ ಟ್ರಾಫಿಕ್ ಸಿಕ್ಕಾಗ ಇದು ಒಮ್ಮೆಲೇ ಗೊತ್ತಾದರೆ ಕಷ್ಟ. ನಾನು 85ಕ್ಕೆ ಚಾರ್ಜ್ ನಿಲ್ಲಿಸುತ್ತೇನೆ. ಬ್ಯಾಟರಿಗೂ ಒಳ್ಳೆಯದು.

ನಿಮ್ಮ ಗಾಡಿಯ ಬ್ಯಾಟರಿ ಎನ್‌ಎಂಸಿಯಾ ಎಲ್‌ಎಫ್‌ಪಿಯಾ (ಲಿಥಿಯಂ ಬ್ಯಾಟರಿಯ ಎರಡು ಬಗೆ) ಅಂತ ಕೇಳಿ ಇಟ್ಟುಕೊಳ್ಳಿ. ಎನ್‌ಎಂಸಿ ಆದರೆ ದಿನಾ 20ರಿಂದ 80ರ ಒಳಗೆ ಇಡುವುದು ಉತ್ತಮ. ಎಲ್‌ಎಫ್‌ಪಿ ಆದರೆ ಆಗೀಗ 100 ಮಾಡಲೇಬೇಕು, ಇಲ್ಲದಿದ್ದರೆ ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ತಪ್ಪಾಗುತ್ತಾ ಹೋಗುತ್ತದೆ. ಮತ್ತೆ ಏಪ್ರಿಲ್–ಮೇ ಬಿಸಿಲಲ್ಲಿ ಗುಡ್ಡ ಹತ್ತಿ ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ. ನೀವು ಒಂದು ಲೋಟ ನೀರು ಕುಡಿದು ಸ್ನಾನ ಮಾಡಿ ಬನ್ನಿ, ಅದೂ ತಣಿಯಲಿ.

ಹೆಬ್ರಿ ಕಡೆಯಿಂದ

ಹಳ್ಳಿಯಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ: ತೋಟಕ್ಕೆ ನೀರು ಬಿಡುವ ದಿನಗಳಲ್ಲಿ ಎಲ್ಲರ ಪಂಪ್ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಪಾತಾಳಕ್ಕೆ ಹೋಗುತ್ತದೆ, ಚಾರ್ಜರ್ ನಿಲ್ಲುತ್ತದೆ. ಹಾಳಾಗಿದೆ ಅಂತ ಹೆದರಬೇಡಿ, ರಾತ್ರಿ ಮಲಗುವಾಗ ಹಾಕಿ. ಸಿಡಿಲು ಗುಡುಗು ಇದ್ದಾಗ ಪ್ಲಗ್ ಕಿತ್ತೇ ಇಡಿ, ಸ್ವಿಚ್ ಆಫ್ ಸಾಲದು. ನಮ್ಮಲ್ಲಿ ಮೇ ತಿಂಗಳ ಸಂಜೆ, ಆಮೇಲೆ ಅಕ್ಟೋಬರ್‌ನಲ್ಲಿ ಬರುವ ಮಳೆಗೆ ಸಿಡಿಲು ಜಾಸ್ತಿ. ಜೂನ್–ಜುಲೈ ಮಳೆ ಬರೀ ನೀರು.

ಇಲಿ! ಆಟಿಯಲ್ಲಿ (ಜುಲೈ–ಆಗಸ್ಟ್) ಕೊಟ್ಟಿಗೆಯ ಇಲಿಗೆ ಬೆಚ್ಚಗಿನ ಜಾಗ ಬೇಕು, ವೈರ್ ಕಡಿಯುತ್ತದೆ. ಸೀಟಿನ ಅಡಿಯಲ್ಲಿ ತಿಂಡಿ ಪೊಟ್ಟಣ ಬಿಡಬೇಡಿ.

ಕಂಕನಾಡಿಯಿಂದ

ನನ್ನದು ಬೇರೆ ರಾಗ. ನಾನು ಮಾರಿಬಿಟ್ಟೆ. ಗಾಡಿ ಓಡುವಾಗ ಒಂದು ದೂರು ಇರಲಿಲ್ಲ, ಪಿಕಪ್ ಅಂತೂ ಕದ್ರಿ ಏರಿನಲ್ಲಿ ಮಜಾ. ಒಂದು ಸಣ್ಣ ಪಾರ್ಟ್ ಹೋಯಿತು ನೋಡಿ, ಬೆಂಗಳೂರಿಂದ ಬರಬೇಕು, ನಾಳೆ ಬರುತ್ತದೆ, ಸೋಮವಾರ ಬರುತ್ತದೆ. ಮಳೆಗಾಲದ ಅರ್ಧ ಭಾಗ ನನ್ನ ಗಾಡಿ ಸರ್ವಿಸಿನವರ ಅಂಗಳದಲ್ಲಿ, ನಾನು ಸಿಟಿ ಬಸ್ಸಿನಲ್ಲಿ. ಪೆಟ್ರೋಲ್ ಗಾಡಿಯನ್ನು ಮನೆಯ ಹತ್ತಿರದ ಮೆಕ್ಯಾನಿಕ್ ಹೇಗೋ ಎಬ್ಬಿಸಿ ಕೊಡುತ್ತಾರೆ. ಇದನ್ನು ಅವರು ಮುಟ್ಟುವುದೂ ಇಲ್ಲ, ಮುಟ್ಟಿಸಿದರೆ ವಾರಂಟಿಯೂ ಇಲ್ಲ.

ಹಾಗಾಗಿ ಶೋರೂಮ್‌ಗೆ ಹೋಗುವ ಮೊದಲು ಸರ್ವಿಸ್ ಸೆಂಟರ್‌ಗೆ ಹೋಗಿ. ಸುಮ್ನೆ ಅಂಗಳದಲ್ಲಿ ನಿಂತು ನೋಡಿ. ಧೂಳು ಹಿಡಿದು, ನಂಬರ್ ಚೀಟಿ ಅಂಟಿಸಿ ನಿಲ್ಲಿಸಿದ ಗಾಡಿಗಳು ಸಾಲಾಗಿ ಇದ್ದರೆ ವಾಪಸ್ ಬನ್ನಿ. ತಮ್ಮ ಗಾಡಿ ವಾಪಸ್ ಒಯ್ಯಲು ಬಂದವರನ್ನು ಮಾತಾಡಿಸಿ, ಎಲ್ಲ ಹೇಳುತ್ತಾರೆ. ಕೋಪ ಬಂದವರು ಜಾಸ್ತಿಯೇ ಹೇಳುತ್ತಾರೆ.

ಇನ್ನೊಂದು ಅದೇ ಅಂಗಳದಲ್ಲಿ ಕಲಿತದ್ದು: ದೊಡ್ಡ ಬ್ಯಾಟರಿ ಅಲ್ಲದೆ ದೀಪ, ಲಾಕ್, ಸ್ಕ್ರೀನ್‌ಗೆ ಅಂತ 12 ವೋಲ್ಟ್‌ನ ಸಣ್ಣ ಬ್ಯಾಟರಿ ಹಲವು ಗಾಡಿಗಳಲ್ಲಿ ಇರುತ್ತದೆ. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದರೆ ಅದು ಸತ್ತಿರುತ್ತದೆ. ದೊಡ್ಡದು 60 ಇದ್ದರೂ ಗಾಡಿ ಏಳುವುದಿಲ್ಲ.

ಕೊಟ್ಟಾರದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅರ್ಥಿಂಗ್ ವಿಷಯ ಯಾರೂ ಹೇಳಿರಲಿಲ್ಲ. ಕಂಕನಾಡಿಯವರು ಹೇಳಿದ ಹಾಗೆ ಶನಿವಾರ ಸರ್ವಿಸ್ ಸೆಂಟರ್ ನೋಡಿ ಬರುತ್ತೇನೆ. ಹಿರಿಯಡ್ಕದ ಬಗ್ಗೆ ಯಾರೂ ಮಾತಾಡಲಿಲ್ಲ. ಬ್ರೋಷರ್‌ನಲ್ಲಿ 125 ಕಿಮೀ ಅಂತ ಉಂಟು, ಹೋಗಿ ಬರಬಹುದಾ?

ಪರ್ಕಳದಿಂದ

ಹೋಗಬಹುದು. ಅದೇ ಚಾರ್ಜ್‌ನಲ್ಲಿ ಬರಲು ಆಗುವುದಿಲ್ಲ ಅಕ್ಕ. ಕೊಟ್ಟಾರದಿಂದ ಹಿರಿಯಡ್ಕಕ್ಕೆ ಒಂದು ಕಡೆಗೇ 70 ಕಿಮೀ ಹತ್ತಿರ. ಬ್ರೋಷರ್ ಅಂಕಿ ಪರೀಕ್ಷೆಯ ಲೆಕ್ಕ. 3 ಕಿಲೋವ್ಯಾಟ್ ಅವರ್ ಬ್ಯಾಟರಿ ಪೇಟೆಯಲ್ಲಿ 90 ಆಸುಪಾಸು ಕೊಟ್ಟರೆ ಪುಣ್ಯ. ಹೈವೇಯಲ್ಲಿ ಖಾಲಿ ಮಾಡುವುದು ಸ್ಪೀಡ್. 45ರಲ್ಲಿ ಹೋದರೆ ಒಂದು ಲೆಕ್ಕ, 70ರಲ್ಲಿ ಹೋದರೆ ಗಾಳಿಯನ್ನು ದೂಡುವುದಕ್ಕೇ ಬ್ಯಾಟರಿ ಖರ್ಚಾಗಿ ಪರ್ಕಳ ಮುಟ್ಟುವಾಗ ಎದೆ ಡವಡವ. ಮೇಲಿಂದ ಮಣಿಪಾಲದ ಏರು ಬೇರೆ.

ದಾರಿಯಲ್ಲಿ ಕಾರಿನ ಚಾರ್ಜಿಂಗ್ ಸ್ಟೇಶನ್ ಕಂಡರೆ ಅದನ್ನು ನಂಬಬೇಡಿ. ಕಾರಿನ ದೊಡ್ಡ ಗನ್ ನಮ್ಮ ಸ್ಕೂಟರ್‌ಗಳಿಗೆ ಹೊಂದುವುದಿಲ್ಲ. ಸ್ಕೂಟರ್‌ನ ಫಾಸ್ಟ್ ಚಾರ್ಜರ್ ಕೂಡ ಎಲ್ಲ ಕಂಪನಿಗೂ ಒಂದೇ ಅಲ್ಲ, ಕೆಲವು ಮಾಡೆಲ್‌ಗೆ ಆ ಸೌಲಭ್ಯವೇ ಇಲ್ಲ. ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ಪಡುಬಿದ್ರಿ, ಕಾಪು, ಉಡುಪಿ ಕಡೆ ಎಲ್ಲಿ ಉಂಟು ಅಂತ ನೋಡಿ, ಅದು ಕೆಲಸ ಮಾಡುತ್ತಿದೆಯಾ ಅಂತ ಹೋಗುವ ದಿನವೇ ಕೇಳಿ.

ನನ್ನ ಕೇಳಿದರೆ ಅಮ್ಮನ ಮನೆಗೆ ಬಸ್ಸೇ ಸರಿ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿಗೆ ಬರ ಇಲ್ಲ. ಸ್ಕೂಟರ್‌ನಲ್ಲೇ ಹೋಗಬೇಕು ಅಂತಿದ್ದರೆ ರಾತ್ರಿ ಅಲ್ಲೇ ನಿಲ್ಲಿ, ಚಾರ್ಜರ್ ಒಟ್ಟಿಗೆ ಒಯ್ಯಿರಿ, ಪೂರ್ತಿ ಆಗಲು ನಾಲ್ಕೈದು ಗಂಟೆ ಸಾಕು. ಆದರೆ ಮೊದಲು ಒಮ್ಮೆ ಬಸ್ಸಿನಲ್ಲಿ ಹೋದಾಗ ಆ ಮನೆಯ ಪ್ಲಗ್ ನೋಡಿ ಬನ್ನಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರೇ ಇರುವುದಿಲ್ಲ.