ಅಪ್‌ಡೇಟ್: ಮ್ಯೂನಿಕ್‌ನಿಂದ ಆಫ್‌ರೋಡ್‌ಗೆ ಕೊನೆಗೂ ದಾರಿ ಸಿಕ್ಕಿತು

ಮ್ಯೂನಿಕ್‌ನಲ್ಲಿದ್ದೇನೆ, ನನ್ನ ಹಳೇ ಸುಜುಕಿ ಜಿಮ್ನಿ ಜೀಪನ್ನು ಕಾನೂನು ಮುರಿಯದೆ ಮಣ್ಣಿಗೆ ಇಳಿಸೋದು ಎಲ್ಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಜರ್ಮನಿಯ ಕಾಡುದಾರಿಗಳ ಆಸೆ ಬಿಟ್ಟೆ. ಅಲ್ಲಿ ಅನುಮತಿ ಇಲ್ಲದೆ ಕಾರು ಓಡಿಸುವಂತಿಲ್ಲ. ಕೆಂಪು ಅಂಚಿನ ಬಿಳಿ ದುಂಡು ಫಲಕ ಕಂಡರೆ ಸುಮ್ನೆ ವಾಪಸ್. ಮೊದಲು ಬವೇರಿಯಾದ ಲಾಂಗೆನಾಲ್ಟ್‌ಹೈಮ್ ಆಫ್‌ರೋಡ್ ಪಾರ್ಕ್‌ಗೆ ಹೋದೆ. ಹಳೇ ಕಲ್ಲುಗಣಿ ಅದು. ಶುಲ್ಕ ಕಟ್ಟಿ ದಿನವಿಡೀ ಕಲಿತೆ.

ಆದರೆ ಮನಸ್ಸು ತುಂಬಿದ್ದು ಇಟಲಿಯ ಅಸಿಯೆಟ್ಟಾ ದಾರಿಯಲ್ಲಿ. ಟ್ಯೂರಿನ್‌ನ ಪಶ್ಚಿಮಕ್ಕೆ, ಸೆಸ್ಟ್ರಿಯೆರೆ ಹತ್ತಿರ, ಸೈನ್ಯಕ್ಕೆಂದು ಮಾಡಿದ ಹಳೇ ಜಲ್ಲಿ ರಸ್ತೆ. 2,000 ಮೀಟರ್‌ಗೂ ಮೇಲೆ, ಬೆಟ್ಟದ ನೆತ್ತಿಯಲ್ಲೇ ಸಾಗುತ್ತದೆ. ಒಂದು ಕಡೆ ಸೂಸಾ ಕಣಿವೆ, ಇನ್ನೊಂದು ಕಡೆ ಕಿಸೋನೆ. ಗಾಡಿ ನಿಲ್ಲಿಸಿ ಎಷ್ಟೋ ಹೊತ್ತು ನೋಡುತ್ತಾ ಕೂತೆ. ಮುಳ್ಳಯ್ಯನಗಿರಿಯ ಗಾಳಿ ನೆನಪಾಯಿತು.

ಹೋಗುವವರು ದಿನ ನೋಡಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಬುಧವಾರ ಮತ್ತು ಶನಿವಾರ ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ, ನಡೆಯುವವರಿಗೂ ಸೈಕಲ್‌ನವರಿಗೂ ಮೀಸಲು. ಅದು ನ್ಯಾಯವೇ ಅಲ್ವಾ? ಚಳಿಗಾಲದಲ್ಲಿ ಹಿಮದಿಂದ ಪೂರ್ತಿ ಬಂದ್. ದಾರಿ ಬಿಟ್ಟು ಹುಲ್ಲಿಗೆ ಮಾತ್ರ ಇಳಿಸಬೇಡಿ, ದಯವಿಟ್ಟು.

ಮುಂದಿನ ಬೇಸಿಗೆಗೆ ಇಟಲಿಯ ಲಿಮೋನೆಯಿಂದ ಮೊನೇಸಿಗೆ ಹೋಗುವ, ‘ಉಪ್ಪಿನ ದಾರಿ’ (ವಿಯಾ ಡೆಲ್ ಸಾಲೆ) ಅನ್ನೋ ಬೆಟ್ಟದ ಜಲ್ಲಿ ರಸ್ತೆ. ಅದಕ್ಕೆ ಟಿಕೆಟ್ ಇದೆ, ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿಯೂ ಇದೆ. ಯಾರಾದರೂ ಜೊತೆಗೆ ಬರ್ತೀರಾ?